ತೊಳೆದುಕೊಂಡು ಬಂದ ಕಾಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ವರ್ತಕರ ಸಂಘದ ಶ್ರೀಮತಿ ಜಾಯ್ಸ್ ಫ್ರೇ ಅವರೇ, ಹ್ಯಾಮ್ ಆರಿಹೋಗುವ ಮುಂಚೆಯೇ ಪ್ರಾರ್ಥನೆ ಮುಗಿಸಿ ಎಲ್ಲರ ಆಶೀರ್ವಾದಕ್ಕೆ ಪಾತ್ರರಾದ ಪಾಸ್ಟರ್ ಅವರೇ, ಇಂದಿನ ಸನ್ಮಾನಿತರೂ, ನನ್ನ ಸಹಪಾಠಿಯೂ, ನಲವತ್ತು ವರ್ಷ ವ್ಯಾಪಾರದಲ್ಲಿ ನನ್ನ ಎದುರಾಳಿಯೂ ಆದ ಎಲ್ವಿನ್ ಗಿಂಗ್ರಿಚ್ ಅವರೇ, ಅವರ ಮಡದಿ ವೆರೀನಾ ಅವರೇ, ಮತ್ತು ಹಿಂದಿನ ಸಾಲೇ ಬೇಕೆಂದು ಮುಕ್ಕಾಲು ಗಂಟೆ ಮೊದಲೇ ಬಂದು ಜಾಗ ಹಿಡಿದಿರುವ ಸಭಿಕರೇ,

ನಗಬೇಡಿ. ಈ ಸಾಲುಗಳ ಕಡೆ ಒಮ್ಮೆ ನೋಡಿ. ಮುಂದಿನ ಎರಡು ಸಾಲು ಖಾಲಿ. ಬೇರೆ ಊರುಗಳಲ್ಲಿ ಮುಂದಿನ ಕುರ್ಚಿಗಾಗಿ ನೂಕಾಡುತ್ತಾರಂತೆ. ಮೆನ್ನೊನೈಟ್ ಕ್ರೈಸ್ತರಾದ ನಾವು ಹಿಂದಿನ ಕುರ್ಚಿಗಾಗಿ ನೂಕಾಡುತ್ತೇವೆ. ನಮ್ಮೂರಿನ ನಾಲ್ಕು ರಸ್ತೆ ಕೂಡುವಲ್ಲಿ ನಮ್ಮವರದೇ ನಾಲ್ಕು ಕಾರು ಬಂದು ನಿಂತರೆ ಏನಾಗುತ್ತದೆಂದು ನಿಮಗೇ ಗೊತ್ತು. ನೀವು ಹೋಗಿ ಅಂತ ಇವರು ಕೈ ಬೀಸುತ್ತಾರೆ, ಇಲ್ಲ ನೀವು ಹೋಗಿ ಅಂತ ಅವರು. ಕೊನೆಗೆ ಹೊರಗಿನ ಹಾಲಿನ ಲಾರಿಯವನು ಹಾರನ್ ಹೊಡೆದು ನಡುವೆ ನುಗ್ಗಿದ ಮೇಲೆಯೇ ಇಡೀ ಊರು ಮುಂದಕ್ಕೆ ಹೋಗುವುದು. ದೀನತೆಯಲ್ಲೂ ಪೈಪೋಟಿ ಬಿಡದ ಜನ ನಾವು.

ಅಂಥ ಊರಿನಲ್ಲಿ ಸನ್ಮಾನ ಭಾಷಣ ಮಾಡುವುದು ಎಂಥ ಕಷ್ಟ, ಯೋಚನೆ ಮಾಡಿ. ಎರಡು ವಾರದ ಹಿಂದೆ ಎಲ್ವಿನ್ ಫೋನ್ ಮಾಡಿದರು.

"ಏನೋ ಮಾಲನ್, ಭಾಷಣ ನೀನೇ ಮಾಡ್ಬೇಕು. ಜಾಯ್ಸ್‌ಗೆ ನಾನೇ ನಿನ್ನ ಹೆಸರು ಹೇಳ್ದೆ. ಆದ್ರೆ ಒಂದು ಷರತ್ತು. ಹೊಗಳೋಕೆ ಶುರು ಮಾಡಿದ್ರೆ ಎದ್ದು ಹೊರಟೋಗ್ತೀನಿ."

"ಹೊಗಳದೆ ಸನ್ಮಾನ ಭಾಷಣ ಮಾಡೋದು ಹೆಂಗೋ ಮಾರಾಯ?"

"ನಡೆದದ್ದು ಹೇಳು. ಅಷ್ಟು ಸಾಕು" ಎಂದು ಫೋನ್ ಇಟ್ಟರು.

ನಡೆದದ್ದು ಹೇಳು! ಎಪ್ಪತ್ತೆರಡು ವರ್ಷದಲ್ಲಿ ಎಷ್ಟೊಂದು ನಡೆದಿದೆ. ನಾನು ಒಂದು ಭಾಷಣ ಬರೆದೆ. ಚೆನ್ನಾಗಿಯೇ ಬರೆದೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಅಲ್ಮೀಡಾ ಓದಿ, ಕನ್ನಡಕ ತೆಗೆದು, "ರೀ, ಇದ್ರಲ್ಲಿ ಎಲ್ವಿನ್ ಎಲ್ಲಿದಾರೆ? ಪೂರ್ತಿ ನೀವೇ ಇದೀರಲ್ಲ" ಎಂದಳು. ಆ ಭಾಷಣ ಈಗ ನನ್ನ ಕೋಟಿನ ಎಡ ಜೇಬಿನಲ್ಲಿದೆ. ಅದನ್ನು ಓದುವುದಿಲ್ಲ. ಬಲ ಜೇಬಿನಲ್ಲಿ ಇನ್ನೊಂದು ವಸ್ತು ಇದೆ. ಅಲ್ಲಿಗೆ ಬರುತ್ತೇನೆ. ಇವತ್ತು ಬರಲೇಬೇಕು, ಏಕೆಂದರೆ ಬರುವ ಭಾನುವಾರ ಸಮಾಧಾನದ ಸಭೆ ಇದೆ, ಮತ್ತು ಮೂರನೇ ಸಾಲಿನಲ್ಲಿ, ಕಂಬದ ಪಕ್ಕ, ಆಮ್ಸಿ ಬಾವ್ಮನ್ ಕೂತಿದ್ದಾರೆ.

ಆಮ್ಸಿ, ಗಾಬರಿಯಾಗಬೇಡಿ. ಪೈ ತಿನ್ನುತ್ತಿರಿ.

ಸಭಿಕರೇ, ಎಲ್ವಿನ್ ಮತ್ತು ನಾನು ಒಂದೇ ವರ್ಷ ವ್ಯಾಪಾರ ಶುರು ಮಾಡಿದೆವು. ಅವರದು ಅಪ್ಪನ ಉಳುಮೆ ಸಾಮಾನಿನ ಕೊಟ್ಟಿಗೆಯಲ್ಲಿ, ನನ್ನದು ಮುಚ್ಚಿಹೋಗಿದ್ದ ಚೀಸ್ ಕಾರ್ಖಾನೆಯಲ್ಲಿ. ಇಬ್ಬರೂ ಮಾಡಿದ್ದು ಒಂದೇ ವಸ್ತು, ಕೋಳಿಮನೆಗೆ ಗಾಳಿ ಆಡಿಸುವ ಫ್ಯಾನು. ಒಂದೇ ಸಭೆ, ಒಂದೇ ದೇವಾಲಯ, ಒಂದೇ ಗಿರಾಕಿಗಳು. ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಹಾಡುವುದು, ಸೋಮವಾರ ಒಂದೇ ಅಂಗಳದಲ್ಲಿ ಬೆಲೆ ಹೇಳುವುದು. ಒಂಟಾರಿಯೊದ ಈ ಭಾಗದಲ್ಲಿ ನಾವಿಬ್ಬರೂ ಮೆಟ್ಟಿಲು ತುಳಿಯದ ಕೋಳಿ ರೈತನ ಮನೆ ಇರಲಿಲ್ಲ.

ರೈತರು ಎಲ್ವಿನ್‌ರನ್ನು ಕೇಳುತ್ತಿದ್ದರು, ಮಾಲನ್‌ನ ಫ್ಯಾನಿಗಿಂತ ನಿಮ್ಮದು ಹೇಗೆ ಹೆಚ್ಚು ಅಂತ. ಎಲ್ವಿನ್ ಒಂದು ಕ್ಷಣ ನಿಜವಾಗಿಯೂ ಯೋಚನೆ ಮಾಡಿ, "ಅವನದ್ದು ಸದ್ದು ಕಡಿಮೆ. ನಮ್ದು ಬಾಳಿಕೆ ಜಾಸ್ತಿ ಅನ್ಸುತ್ತೆ. ಎರಡನ್ನೂ ನೋಡಿ" ಎನ್ನುತ್ತಿದ್ದರು. ನಾನು ಏನು ಮಾಡುತ್ತಿದ್ದೆ ಗೊತ್ತೇ? ಮುಂದಿನ ಮನೆಗೆ ಹೋಗಿ, "ನಮ್ಮ ಫ್ಯಾನು ಸದ್ದು ಮಾಡಲ್ಲ, ಎಲ್ವಿನ್ನೇ ಒಪ್ಕೊಂಡಿದಾನೆ" ಎನ್ನುತ್ತಿದ್ದೆ. ಬಾಳಿಕೆಯ ಮಾತು ನನಗೆ ನೆನಪಿಗೆ ಬರುತ್ತಿರಲಿಲ್ಲ.

ಆದರೂ ದೀನತೆಯ ವಿಷಯದಲ್ಲಿ ಹೆಸರು ಮಾಡಿದವನು ನಾನು. "ವ್ಯಾಪಾರದಲ್ಲಿ ದೀನತೆ" ಎಂಬ ವಿಷಯವಾಗಿ ಹನ್ನೊಂದು ಕಡೆ ಉಪನ್ಯಾಸ ಮಾಡಿದ್ದೇನೆ. ವಿನಿಪೆಗ್‌ನಲ್ಲಿ, ಪೆನ್ಸಿಲ್ವೇನಿಯಾದಲ್ಲಿ, ಕಾನ್ಸಾಸ್‌ನಲ್ಲಿ ಎರಡು ಸಲ. ಅವರು ಒಂದು ಮರದ ಫಲಕ ಕೊಟ್ಟರು, ದೀನ ಸೇವಕನಿಗೆ ಎಂದು ಕೆತ್ತಿಸಿ. ಆಫೀಸಿನ ಗೋಡೆಗೆ ಹಾಕಲು ನಾಚಿಕೆ, ಪೆಟ್ಟಿಗೆಯಲ್ಲಿಡಲು ಮನಸ್ಸಿಲ್ಲ. ಕೊನೆಗೆ ಬಾಗಿಲಿನ ಹಿಂಬದಿಗೆ ಹೊಡೆದೆ. ಬಾಗಿಲು ತೆರೆದಿದ್ದರೆ ಯಾರಿಗೂ ಕಾಣದು. ಆಮೇಲೆ ಆಫೀಸಿಗೆ ಯಾರೇ ಬಂದರೂ, "ಚಳಿ ಅಲ್ವಾ?" ಎಂದು ನಾನೇ ಎದ್ದು ಹೋಗಿ ಬಾಗಿಲು ಹಾಕುತ್ತಿದ್ದೆ. ಜುಲೈ ತಿಂಗಳಲ್ಲೂ ಹಾಕುತ್ತಿದ್ದೆ.

ಜುಲೈ ಎಂದೆನಲ್ಲ. ಮೂವತ್ತೊಂದು ವರ್ಷದ ಹಿಂದಿನ ಒಂದು ಜುಲೈ. ಹಿರಿಯರಿಗೆ ಆ ಸೆಕೆ ನೆನಪಿರಬಹುದು. ಆಮ್ಸಿ ಆಗಷ್ಟೇ ಮದುವೆಯಾಗಿ, ಮಾವನ ಜಮೀನಿನ ಪಕ್ಕ ತಮ್ಮ ಮೊದಲ ಕೋಳಿಮನೆ ಕಟ್ಟಿಸಿದ್ದರು. ಎಂಟು ಸಾವಿರ ಮೊಟ್ಟೆಕೋಳಿ. ಫ್ಯಾನುಗಳು ಎಲ್ವಿನ್‌ರದು. ಆದರೆ ಒಳಗೆ ಶಾಖ ಏರಿದರೆ ಫ್ಯಾನುಗಳನ್ನು ತಾನಾಗಿ ಚಾಲೂ ಮಾಡುವ ಒಂದು ಪೆಟ್ಟಿಗೆ ಇರುತ್ತದಲ್ಲ, ಗೋಡೆಯ ಮೇಲೆ, ಅದು ನನ್ನದು. ಫ್ಯಾನು ಕೈ ತಪ್ಪಿತಲ್ಲ, ಪೆಟ್ಟಿಗೆಯಾದರೂ ಒಳಗೆ ಹೋಗಲಿ, ನಾಳೆ ಫ್ಯಾನು ಬದಲಿಸುವಾಗ ನಮ್ಮ ಹೆಸರು ಅವರ ಕಣ್ಣಮುಂದೆ ಇರಲಿ ಎಂದು ಬಹಳ ಕಡಿಮೆ ಬೆಲೆಗೆ ಕೊಟ್ಟಿದ್ದೆ.

ಅವತ್ತು ಮಧ್ಯಾಹ್ನ ಆಮ್ಸಿ ಹುಲ್ಲು ಕೊಯ್ಲಿನಲ್ಲಿದ್ದರು. ಮೂರು ಗಂಟೆಗೆ ನೀರು ಕುಡಿಯಲೆಂದು ಮನೆ ಕಡೆ ಬಂದವರಿಗೆ ಕೋಳಿಮನೆಯಿಂದ ಯಾವ ಸದ್ದೂ ಕೇಳಲಿಲ್ಲ. ಎಂಟು ಸಾವಿರ ಕೋಳಿಯ ಮನೆ ಎಷ್ಟು ಗಲಾಟೆಯ ಜಾಗ ಎಂದು ಬಲ್ಲವರಿಗೆ ಆ ನಿಶ್ಶಬ್ದ ಎಂಥದ್ದೆಂದು ಹೇಳಬೇಕಿಲ್ಲ. ಫ್ಯಾನುಗಳು ನಿಂತಿದ್ದವು. ಒಂದು ಕೋಳಿಯೂ ಬದುಕಿರಲಿಲ್ಲ.

ಸಂಜೆಯ ಹೊತ್ತಿಗೆ ಇಪ್ಪತ್ತು ಮೂವತ್ತು ಜನ ಸಲಿಕೆ ಹಿಡಿದು ಬಂದೆವು. ನಾನೂ ಬಂದೆ. ಆಮ್ಸಿ ಬಾಗಿಲ ಬಳಿ ಕಲ್ಲಿನ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದರು. "ಬೆಳಿಗ್ಗೆ ಮೈನ್ ಸ್ವಿಚ್ ಹಾಕಿದ್ನಾ? ಹಾಕಿದ್ನಾ ನಾನು? ತೊಳೆಯೋಕೆ ಅಂತ ಆಫ್ ಮಾಡಿದ್ದೆ. ಆಮೇಲೆ ಹಾಕಿದ್ನಾ?"

ಆಗ ಎಲ್ವಿನ್ ಒಳಗಿನಿಂದ ಹೊರಗೆ ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎಲ್ಲರ ಎದುರಿಗೆ, ಸ್ಪಷ್ಟವಾಗಿ ಹೇಳಿದರು: "ಆಮ್ಸಿ, ನಿನ್ನ ತಪ್ಪಲ್ಲ. ನಿಂತಿದ್ದು ನನ್ನ ಫ್ಯಾನು. ಎಲ್ಲಾ ಫ್ಯಾನನ್ನೂ ಒಂದೇ ತಂತಿಗೆ ಕೊಟ್ಟವನು ನಾನು. ಒಂದಕ್ಕಾದ್ರೂ ಬೇರೆ ತಂತಿ ಎಳೀಬೇಕಿತ್ತು. ಎಳೆದಿದ್ರೆ ಇಷ್ಟೂ ಸಾಯ್ತಿರ್ಲಿಲ್ಲ. ಕೋಳಿ ನಾನು ತುಂಬಿಸ್ಕೊಡ್ತೀನಿ."

ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಊರಿನಲ್ಲಿ ಒಬ್ಬ ಮನುಷ್ಯ ತಪ್ಪು ನನ್ನದು ಎಂದರೆ ಯಾರಾದರೂ ನಂಬುತ್ತೀರಾ? ನಂಬುವುದಿಲ್ಲ! ಹುಟ್ಟಿದಾಗಿನಿಂದ ನಾವು ಆ ಮಾತನ್ನು ಮರ್ಯಾದೆಗೆ ಆಡಿದವರು, ಮರ್ಯಾದೆಗೆ ಕೇಳಿದವರು. ಇಬ್ಬರು ಡಿಕ್ಕಿ ಹೊಡೆದರೆ ಇಬ್ಬರೂ ನನ್ನದೇ ತಪ್ಪು ಎನ್ನುತ್ತಾರೆ, ವಿಮೆಯವರು ತಲೆ ಕೆರೆದುಕೊಳ್ಳುತ್ತಾರೆ. ಎಲ್ವಿನ್ ಲೆಕ್ಕಾಚಾರ ಹಾಕಿ, ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸುತ್ತ ನಿಂತಿದ್ದವರೆಲ್ಲ ತಲೆಯಾಡಿಸಿ, "ಪಾಪ, ಎಂಥ ದೊಡ್ಡ ಮನಸ್ಸು. ಹುಡುಗನ ತಪ್ಪು ತಾನು ಹೊತ್ಕೊಂಡ" ಎಂದರು. ಆಮ್ಸಿಯೂ ಹಾಗೇ ತಿಳಿದರು. ಕೋಳಿ ರೈತರ ಸಹಕಾರ ಸಂಘದವರು ಮಾತ್ರ ಆ ಮಾತನ್ನು ಬರೆದುಕೊಂಡರು. ಆ ಶರತ್ಕಾಲದಲ್ಲಿ ಸಂಘದ ಅಷ್ಟೂ ಕೋಳಿಮನೆಗಳಿಗೆ ಒಬ್ಬರೇ ಫ್ಯಾನು ಪೂರೈಸಬೇಕೆಂದಿತ್ತು, ಎಲ್ವಿನ್ ಇಲ್ಲವೇ ನಾನು. ಅದು ನನಗೆ ಬಂತು. ಎಲ್ವಿನ್ ಐದು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಅವರಲ್ಲಿ ಮೂವರನ್ನು ನಾನು ಸೇರಿಸಿಕೊಂಡೆ, ಅದನ್ನೂ ಉಪನ್ಯಾಸದಲ್ಲಿ ಹೇಳುತ್ತಿದ್ದೆ.

ಇಲ್ಲಿಯವರೆಗಿನದು ನಿಮಗೆಲ್ಲ ಗೊತ್ತು. ಇನ್ನು ಮುಂದಿನದು ಈ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅಲ್ಮೀಡಾಳಿಗೆ ಮೊನ್ನೆ ಹೇಳಿದೆ, ಆದ್ದರಿಂದ ಮೂವರಿಗೆ.

ಆ ಘಟನೆಯ ಮೂರನೇ ದಿನ ಎಲ್ವಿನ್ ನನ್ನ ಆಫೀಸಿಗೆ ಬಂದರು. ಬಂದು, ತಾವೇ ಬಾಗಿಲು ಹಾಕಿದರು. ಫಲಕದ ಕಡೆ ನೋಡಲಿಲ್ಲ. ಜೇಬಿನಿಂದ ಇದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ, ಹಿಂದೆ ಕೂತದ್ದಕ್ಕೆ ಅದೇ ಶಿಕ್ಷೆ. ಬೆಂಕಿಪೊಟ್ಟಣದಷ್ಟು ದೊಡ್ಡದು. ನನ್ನ ಪೆಟ್ಟಿಗೆಯ ಒಳಗಿದ್ದ ಸ್ವಿಚ್ಚು ಇದು, ಶಾಖ ಏರಿದಾಗ ಫ್ಯಾನುಗಳಿಗೆ ಕರೆಂಟು ಬಿಡಬೇಕಾದದ್ದು. ಸುಟ್ಟು ಕಪ್ಪಗಾಗಿದೆ. ಬದಿಯಲ್ಲಿ ನಮ್ಮ ಕಾರ್ಖಾನೆಯ ನಂಬರು ಇನ್ನೂ ಓದಲು ಬರುತ್ತದೆ.

"ಇದು ಸೆಕೆಗೆ ಅಂಟ್ಕೊಂಡು ಸುಟ್ಟಿದೆ ಮಾಲನ್. ಬೇರೆ ಪೆಟ್ಟಿಗೆಗಳಲ್ಲೂ ಇದೇ ಇದ್ರೆ ಬೇಗ ಬದಲಾಯಿಸು. ಇನ್ನೂ ಆಗಸ್ಟ್ ಇದೆ" ಎಂದರು ಎಲ್ವಿನ್.

ನಾನು ಏನೆಂದೆ? "ಅಯ್ಯೋ, ಹೌದಾ?" ಎಂದೆ.

ಸಭಿಕರೇ, ನನಗೆ ಗೊತ್ತಿತ್ತು. ಆ ಮಾರ್ಚ್ ತಿಂಗಳಲ್ಲೇ ಗೊತ್ತಿತ್ತು. ಹತ್ತು ಸ್ವಿಚ್ಚುಗಳನ್ನು ಒಲೆಯಲ್ಲಿಟ್ಟು ಪರೀಕ್ಷೆ ಮಾಡಿದಾಗ ಮೂರು ಅಂಟಿಕೊಂಡಿದ್ದವು. ಹೊಸ ಪೆಟ್ಟಿಗೆಗಳಿಗೆ ಬೇರೆ ಸ್ವಿಚ್ಚು ಹಾಕಿದೆ. ಆಗಲೇ ಮಾರಿದ್ದ ಅರವತ್ತು ಪೆಟ್ಟಿಗೆಗಳ ಬಗ್ಗೆ ಬಾಯಿ ಬಿಡಲಿಲ್ಲ. ವಾಪಸು ಕರೆಸಿದರೆ ಸಂಘದವರ ಕಿವಿಗೆ ಬೀಳುತ್ತದೆ, ಎಲ್ವಿನ್‌ಗೆ ಕೆಲಸ ಸಿಗುತ್ತದೆ. ಒಂದು ಬೇಸಿಗೆ ಹೇಗೋ ಕಳೆಯುತ್ತದೆ, ಸಂಘದ ತೀರ್ಮಾನ ಆದಮೇಲೆ ನಿಧಾನವಾಗಿ ಬದಲಾಯಿಸೋಣ ಎಂದುಕೊಂಡೆ. ಪ್ರತಿ ದಿನ ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಹಾಗೆ ಅಂದುಕೊಂಡೆ.

ಆಮೇಲೆ ಬದಲಾಯಿಸಿದೆ, ನಿಜ. ಒಂದೇ ವಾರದಲ್ಲಿ ಅಷ್ಟನ್ನೂ. ಅದಕ್ಕೊಂದು ಹೆಸರು ಕೊಟ್ಟೆ, "ಬೇಸಿಗೆಯ ಉಚಿತ ತಪಾಸಣೆ". ಆಮ್ಸಿಗಾದ ಕಷ್ಟ ಬೇರೆ ಯಾರಿಗೂ ಆಗಬಾರದೆಂದು ಶ್ರೀ ಮಾಲನ್ ಶಾಂಟ್ಸ್ ಮನೆಮನೆಗೆ ಹೋಗಿ ಪುಕ್ಕಟೆ ಸೇವೆ ಮಾಡುತ್ತಿದ್ದಾರೆ ಎಂದು ಪತ್ರಿಕೆಯವರು ಫೋಟೋ ಹಾಕಿದರು. ಸಂಘದ ಕೆಲಸ ನನಗೆ ಸಿಕ್ಕಿದ್ದು ಆ ಫೋಟೋದಿಂದಲೂ. ಕಾನ್ಸಾಸ್‌ನವರು ನನ್ನನ್ನು ಎರಡನೇ ಸಲ ಕರೆದದ್ದೂ ಆ ಫೋಟೋ ನೋಡಿಯೇ.

ಆ ದಿನ ಎಲ್ವಿನ್ ಎದ್ದು ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದ್ದರು. "ಆಮ್ಸಿ ನನ್ನ ಮಾತು ನಂಬ್ತಿಲ್ಲ ಕಣೋ. ಮರ್ಯಾದೆಗೆ ಹೇಳ್ತೀನಿ ಅಂದ್ಕೋತಾನೆ. ನೀನು ಹೋಗಿ ಇದನ್ನ ತೋರ್ಸಿದ್ರೆ ನಂಬ್ತಾನೆ."

"ನೀನೇ ತೋರ್ಸಬಹುದಿತ್ತಲ್ಲ?" ಎಂದೆ.

"ನನ್ನ ತಪ್ಪು ನಾನು ಹೇಳ್ದೆ. ನಿನ್ನದು ಹೇಳೋಕೆ ನಾನ್ಯಾರು?" ಎಂದು ಟೋಪಿ ಹಾಕಿಕೊಂಡು ಹೊರಟರು. ತಪ್ಪು ಕಂಡರೆ ಮೊದಲು ಆ ಸಹೋದರನ ಬಳಿಗೆ ಒಬ್ಬನೇ ಹೋಗಿ ಹೇಳು ಎಂದು ನಮಗೆಲ್ಲ ಕಲಿಸಿದ್ದಾರೆ. ಅದರ ಮುಂದಿನ ಹೆಜ್ಜೆಗಳನ್ನೂ ಕಲಿಸಿದ್ದಾರೆ, ಸಾಕ್ಷಿ ಕರೆದುಕೊಂಡು ಹೋಗುವುದು, ಸಭೆಯ ಮುಂದೆ ತರುವುದು. ಎಲ್ವಿನ್ ಮೊದಲ ಹೆಜ್ಜೆಯಲ್ಲೇ ನಿಂತರು. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ವಿನ್, ತಪ್ಪೇ ಇರಬಹುದು. ನಾನು ಹೊಗಳುತ್ತಿಲ್ಲ, ಕೂತುಕೊಳ್ಳಿ.

ಅಕ್ಟೋಬರ್ ಬಂತು. ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಎರಡು ವಾರ ಮುಂಚೆ ಸಮಾಧಾನದ ಸಭೆ. ಆಗಿನ ಬಿಷಪ್ ಈನೋಸ್ ವೆಬರ್ ಅವರ ಎದುರು ಒಬ್ಬೊಬ್ಬರಾಗಿ ನಿಂತು ಹೇಳಬೇಕು, "ದೇವರೊಂದಿಗೂ ನೆರೆಯವರೊಂದಿಗೂ ಸಮಾಧಾನದಿಂದಿದ್ದೇನೆ, ಭೋಜನದಲ್ಲಿ ಪಾಲುಗೊಳ್ಳಲು ಬಯಸುತ್ತೇನೆ" ಎಂದು. ಹಾಗೆ ಹೇಳಲಾಗದವರು ಆ ಸಲ ಭೋಜನಕ್ಕೆ ಬರುವುದಿಲ್ಲ. ಬರದವರು ಯಾರೆಂದು ಇಡೀ ಊರಿಗೆ ಗೊತ್ತಾಗುತ್ತದೆ. ನಾನು ಹೇಳಿದೆ. ಸರಾಗವಾಗಿ ಹೇಳಿದೆ. ಸುಮ್ಮನಿರುವುದೇ ದೀನತೆ, ನನ್ನ ವಿಷಯ ಎತ್ತಿ ಆಡುವುದೇ ಅಹಂಕಾರ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಎಷ್ಟು ಅನುಕೂಲದ ದೀನತೆ ನೋಡಿ!

ಎರಡು ವಾರ ಕಳೆದು ಭೋಜನದ ಭಾನುವಾರ. ಅದರ ಕೊನೆಗೆ, ಯೇಸು ಶಿಷ್ಯರಿಗೆ ಮಾಡಿದ ಹಾಗೆ, ಒಬ್ಬರಿಗೊಬ್ಬರು ಪಾದ ತೊಳೆಯುವುದು. ಈಗ ಒಂದು ಗುಟ್ಟು ಹೇಳುತ್ತೇನೆ, ಅದು ಗುಟ್ಟೇನೂ ಅಲ್ಲ. ಕಾಲು ತೊಳೆಸಿಕೊಳ್ಳಲು ಬರುವ ಮುಂಚೆ ನಾವೆಲ್ಲ ಮನೆಯಲ್ಲೇ ಕಾಲು ತೊಳೆದುಕೊಂಡು ಬರುತ್ತೇವೆ. ಶನಿವಾರ ಉಗುರು ಕತ್ತರಿಸಿ, ಸೋಪು ಹಚ್ಚಿ ಉಜ್ಜಿ, ಭಾನುವಾರ ಹೊಸ ಕಾಲುಚೀಲ. ಹೆಂಗಸರ ಕಡೆ ಪೌಡರನ್ನೂ ಹಾಕಿಕೊಳ್ಳುತ್ತಾರೆಂದು ಅಲ್ಮೀಡಾ ಹೇಳುತ್ತಾಳೆ. ಅಷ್ಟು ಬೆಳ್ಳಗಿರುವ ಕಾಲನ್ನು ಒಬ್ಬರಿಗೊಬ್ಬರು ತೊಳೆದು, ಎಷ್ಟು ದೀನರಾದೆವು ಎಂದುಕೊಂಡು ಮನೆಗೆ ಹೋಗುತ್ತೇವೆ.

ಯಾರ ಜೊತೆ ಯಾರು ಎಂದು ಆರಿಸುವ ಹಾಗಿಲ್ಲ, ಬೆಂಚಿನಲ್ಲಿ ಪಕ್ಕ ಕೂತವರೇ ಜೋಡಿ. ನಾನು ಬಂದವನೇ ಎಣಿಸಿದೆ. ಎಣಿಸಿದರೆ ಎಲ್ವಿನ್ ಬರುತ್ತಾರೆ. ಮೆಲ್ಲಗೆ ಎದ್ದು, ಮುದುಕ ನೋವಾಗೆ ಜಾಗ ಮಾಡಿಕೊಡುವವನ ಹಾಗೆ, ಒಂದು ಜಾಗ ಈಚೆ ಸರಿದೆ. "ಎಂಥ ವಿನಯ" ಎಂದು ಯಾರೋ ಹಿಂದಿನಿಂದ ಅಂದರು. ತೊಳೆಯುವ ಹೊತ್ತಿಗೆ ಸರಿಯಾಗಿ ನೋವಾ, "ನನಗೆ ಮಂಡಿ ಊರಕ್ಕೆ ಆಗಲ್ಲಪ್ಪ, ನೀನು ಈಚೆ ಬಾ" ಎಂದು ಎಲ್ವಿನ್‌ರ ಕೈ ಹಿಡಿದು ನನ್ನ ಎದುರಿಗೆ ತಂದು ನಿಲ್ಲಿಸಿದರು.

ಎಲ್ವಿನ್ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಮಂಡಿಯೂರಿದರು. ನೀರು ಉಗುರು ಬೆಚ್ಚಗಿತ್ತು. ನನ್ನ ಬಲಗಾಲನ್ನು ಕೈಯಲ್ಲಿ ಹಿಡಿದು, ನೀರು ಹಾಕಿ, ಹಿಮ್ಮಡಿಯ ಹತ್ತಿರ ಬಂದವರು ನಿಲ್ಲಿಸಿದರು. ಅಲ್ಲಿ ಒಂದು ಗುಳ್ಳೆ ಎದ್ದಿತ್ತು. ಸಂಘದ ಕೆಲಸ ಸಿಕ್ಕಿದ ಖುಷಿಗೆ ಕೊಂಡಿದ್ದ ಹೊಸ ಬೂಟು. ಈಗ ಹೇಳುತ್ತಾನೆ ಎಂದುಕೊಂಡೆ. ಹೇಳಲಿ ಎಂದುಕೊಂಡೆ. ಹೇಳಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನನಗೆ ಹಗುರಾಗುತ್ತದೆ.

ಎಲ್ವಿನ್ ತಲೆ ಎತ್ತದೆ ಕೇಳಿದರು: "ಬೂಟು ಬಿಗಿಯಾಯ್ತೇನೋ?"

ಅಷ್ಟೇ. ಗುಳ್ಳೆಗೆ ನೋಯದಂತೆ ಸುತ್ತಲೂ ತೊಳೆದು, ಟವೆಲಿನ ಮೆತ್ತಗಿನ ತುದಿಯಿಂದ ಒತ್ತಿ ಒರೆಸಿದರು. ಸಭಿಕರೇ, ನಾನು ದೊಡ್ಡ ದೊಡ್ಡ ಬೋಧಕರ ಮಾತು ಕೇಳಿದ್ದೇನೆ. ಸಾವಿರಾರು ಜನ ಸೇರಿ ಹಾಡುವುದನ್ನು ಕೇಳಿದ್ದೇನೆ. ಪರ್ವತಗಳನ್ನೂ ಎರಡು ಸಾಗರಗಳನ್ನೂ ನೋಡಿದ್ದೇನೆ. ಆ ಎರಡು ಮಾತಿನ ಮುಂದೆ ನಿಂತು ನಾನು ಬೆರಗಾದ ಹಾಗೆ ಎಲ್ಲಿಯೂ ಬೆರಗಾಗಿಲ್ಲ. ಅವರ ಕೆಲಸ ಕಿತ್ತುಕೊಂಡವನ ಕಾಲು ಅವರ ಕೈಯಲ್ಲಿತ್ತು, ಮತ್ತು ಅವರಿಗೆ ಕಂಡದ್ದು ಗುಳ್ಳೆ.

ನನ್ನ ಸರದಿ ಬಂತು. ಅವರ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಅರ್ಧ ಕಿತ್ತುಹೋಗಿತ್ತು. ಆಳುಗಳನ್ನು ಬಿಡಿಸಿದ ಮೇಲೆ ಫ್ಯಾನಿನ ಚೌಕಟ್ಟುಗಳನ್ನು ಒಬ್ಬರೇ ಎತ್ತುತ್ತಿದ್ದರು. ಒಂದು ಕಾಲ ಮೇಲೆ ಬಿದ್ದಿತ್ತು. ನಾನು ತೊಳೆದೆ. ಎದ್ದು ನಿಂತು ಅವರನ್ನು ಅಪ್ಪಿಕೊಂಡಾಗ ಅವರ ಕಿವಿ ನನ್ನ ಬಾಯಿಯ ಪಕ್ಕದಲ್ಲೇ ಇತ್ತು. ಒಂದು ಮಾತು ಹೇಳಲು ಅಷ್ಟು ಹತ್ತಿರದ ಜಾಗ ಮತ್ತೆಲ್ಲಿ ಸಿಗುತ್ತದೆ? ಬಾಯಿ ತೆರೆದೆ. "ದೇವರು ಆಶೀರ್ವದಿಸಲಿ" ಎಂದಿತು ನನ್ನ ಬಾಯಿ.

ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಒಂದಕ್ಕಾದರೂ ಬೇರೆ ತಂತಿ ಎಳೆಯಬೇಕಿತ್ತು ಎಂದು ಎಲ್ವಿನ್ ಅವತ್ತು ಹೇಳಿದ್ದನ್ನು ನಾವು ಮರ್ಯಾದೆಯ ಮಾತು ಎಂದು ತಿಳಿದೆವಲ್ಲ, ಅವರು ಆ ಚಳಿಗಾಲ ಪೂರ್ತಿ ಕೊಟ್ಟಿಗೆಯಲ್ಲಿ ಕೂತು ಅದನ್ನೇ ಮಾಡಿದರು. ಬೇರೆ ತಂತಿಯ ಮೇಲೆ ಓಡುವ ಒಂದು ಫ್ಯಾನು. ಉಳಿದವು ನಿಂತರೆ ಅದು ತಾನೇ ಶುರುವಾಗುತ್ತದೆ, ರೈತನ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತದೆ. ಇವತ್ತು ಏಳು ಪ್ರಾಂತ್ಯಗಳಲ್ಲಿ ಅವರ ಫ್ಯಾನು ತಿರುಗುತ್ತಿದೆ, ಇನ್ನೂರ ಹತ್ತು ಜನ ಅವರಲ್ಲಿ ಕೆಲಸ ಮಾಡುತ್ತಾರೆ, ನನ್ನಲ್ಲಿ ಎಂಬತ್ತು. ಅವರು ಮೆದು ಮನುಷ್ಯ ಎಂದು ಯಾರೂ ತಿಳಿಯಬೇಡಿ. ಆ ತಂತ್ರ ನನಗೂ ಬೇಕೆಂದು ಹೋದಾಗ ಪೇಟೆಂಟಿನ ಹಣ ಪೂರ್ತಿ ಕಟ್ಟಿಸಿಕೊಂಡರು. ಚೂರು ಕಡಿಮೆ ಮಾಡೋ ಎಂದರೆ, "ವ್ಯಾಪಾರ ವ್ಯಾಪಾರಾನೇ ಕಣೋ. ಕಾಫಿ ಬೇಕಾದ್ರೆ ಕುಡಿ" ಎಂದರು.

ದೀನತೆ ಇಟ್ಟುಕೊಂಡು ಪೈಪೋಟಿಯಲ್ಲಿ ಗೆಲ್ಲುವುದು ಹೇಗೆ ಎಂದು ಹನ್ನೊಂದು ಉಪನ್ಯಾಸಗಳಲ್ಲಿ ಜನ ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತಿರಲಿಲ್ಲ, ಆದರೂ ಹೇಳಿದೆ. ಈಗ ಕೇಳಿದರೆ ಇಷ್ಟೇ ಹೇಳುತ್ತೇನೆ. ಸತ್ತ ಕೋಳಿಗಳ ನಡುವೆ ನಿಂತು ಒಬ್ಬ ತನ್ನ ತಪ್ಪೇನು ಎಂದು ಹುಡುಕಿದ, ಸಿಕ್ಕಿತು, ಸರಿ ಮಾಡಿದ. ಇನ್ನೊಬ್ಬ ಅದೇ ಜಾಗದಲ್ಲಿ ನಿಂತು, ನನ್ನದು ಯಾರಿಗೂ ಸಿಗದಿರಲಿ ಎಂದು ನೋಡಿಕೊಂಡ. ಸಲಿಕೆ ಇಬ್ಬರ ಕೈಯಲ್ಲೂ ಇತ್ತು.

ಕಳೆದ ತಿಂಗಳ ಕೊನೆಗೆ ಹರಾಜಿನ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ಆಮ್ಸಿ ನನ್ನ ಪಕ್ಕ ಬಂದು ಕೂತರು. ಎಲ್ವಿನ್ ನಿವೃತ್ತರಾಗುವ ಮಾತು ಬಂತು. ಆಮ್ಸಿ ತಲೆ ತಗ್ಗಿಸಿ ಹೇಳಿದರು: "ಮಾಲನ್, ಆ ಬೆಳಿಗ್ಗೆ ನಾನು ಸ್ವಿಚ್ ಹಾಕಿರ್ಲಿಲ್ಲ ಅನ್ಸುತ್ತೆ. ಎಷ್ಟು ಯೋಚ್ನೆ ಮಾಡಿದ್ರೂ ಹಾಕಿದ ನೆನಪು ಬರಲ್ಲ. ನನ್ನಿಂದ ಎಲ್ವಿನ್ ಆಗ ಎಷ್ಟು ಕಳ್ಕೊಂಡ. ಒಂದ್ಸಲ ಕ್ಷಮೆ ಕೇಳ್ಬೇಕು ಅಂತಿದೀನಿ, ಧೈರ್ಯ ಬರ್ತಿಲ್ಲ."

ಮೂವತ್ತೊಂದು ವರ್ಷ! ನಾನು ಆ ಕಾಫಿ ಪೂರ್ತಿ ಕುಡಿದೆ. "ಬಿಡಿ ಆಮ್ಸಿ, ಹಳೇದು" ಎಂದೆ. ಮನೆಗೆ ಬಂದು, ಮೇಜಿನ ಖಾನೆ ತೆಗೆದು, ಇದನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಆ ವಾರವೇ ಎಲ್ವಿನ್ ಫೋನ್ ಮಾಡಿದ್ದು, ನಡೆದದ್ದು ಹೇಳು ಎಂದು. ಇಡೀ ಊರಿನಲ್ಲಿ ಮಾತಾಡುವವರಿಲ್ಲದೆ ಅವರು ನನ್ನ ಹೆಸರು ಹೇಳಲಿಲ್ಲ. ಮೂವತ್ತೊಂದು ವರ್ಷ ಕಾದು, ತಮ್ಮ ಸನ್ಮಾನದ ದಿನವನ್ನು ನನಗೆ ಬಿಟ್ಟುಕೊಟ್ಟರು.

ಕೆಲವರು ಆಗಲೇ ತಲೆಯಾಡಿಸುತ್ತಿದ್ದೀರಿ. ಆ ತಲೆಯಾಟ ನನಗೆ ಗೊತ್ತು. ಮಾಲನ್ ಎಷ್ಟು ದೀನ, ಗೆಳೆಯನ ದಿನ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ, ಅಂತ ತಾನೇ? ಬೇಡ. ಕೈಮುಗಿದು ಕೇಳುತ್ತೇನೆ, ಇದೊಂದು ಸಲ ನಂಬಿ. ಇದು ದೀನತೆಯಲ್ಲ, ಇದು ನಡೆದದ್ದು. ನನ್ನ ಮಾತು ನಂಬದಿದ್ದರೆ ಈ ಸ್ವಿಚ್ಚನ್ನು ನಂಬಿ. ಕರೆಂಟಿನ ಕೆಲಸ ಬಲ್ಲವರು ಇಲ್ಲಿ ಹತ್ತು ಜನರಾದರೂ ಇದ್ದೀರಿ, ಕೈಯಿಂದ ಕೈಗೆ ಕೊಡಿ, ನೋಡಿ. ಸುಟ್ಟಿದೆ. ಕರೆಂಟು ಬಾರದೆ ಇದು ಸುಡುವುದಿಲ್ಲ. ಮೈನ್ ಸ್ವಿಚ್ ಹಾಕದೆ ಇಲ್ಲಿಗೆ ಕರೆಂಟು ಬರುವುದಿಲ್ಲ.

ಆಮ್ಸಿ, ನೀನು ಸ್ವಿಚ್ ಹಾಕಿದ್ದೆ.

ಆ ಬೆಳಿಗ್ಗೆ ನೀನು ಸ್ವಿಚ್ ಹಾಕಿದ್ದೆ, ಮಗೂ. ಹಾಕಿಯೇ ಹೊಲಕ್ಕೆ ಹೋಗಿದ್ದೆ. ನನಗೆ ಮೂರನೇ ದಿನಕ್ಕೇ ಗೊತ್ತಿತ್ತು.

ಜಾಯ್ಸ್ ಅವರೇ, ಒಂದು ನಿಮಿಷ. ಸ್ವಲ್ಪ ನೀರು ಕುಡಿಯುತ್ತೇನೆ.

ಸ್ವಿಚ್ಚು ಮೂರನೇ ಸಾಲು ತಲುಪಿತು ಎಂದು ಕಾಣುತ್ತದೆ. ಆಮ್ಸಿ, ಅದನ್ನು ಇಟ್ಟುಕೊಳ್ಳಿ. ಅದು ನಿಮ್ಮದೇ. ನೀವು ನನ್ನ ಕಡೆ ನೋಡಬೇಕಿಲ್ಲ, ಏನೂ ಹೇಳಬೇಕಿಲ್ಲ. ಇವತ್ತೇ ಕ್ಷಮಿಸಿ ಎಂದು ಕೇಳಿದರೆ ನೀವು ಮರ್ಯಾದೆಗೆ ಕ್ಷಮಿಸಿಬಿಡುತ್ತೀರಿ. ನಿಧಾನವಾಗಿ ಯೋಚನೆ ಮಾಡಿ. ಸಹಕಾರ ಸಂಘದವರೂ ಯೋಚನೆ ಮಾಡಲಿ, ನಾಳೆ ಬೆಳಿಗ್ಗೆ ನಾನೇ ಅವರ ಆಫೀಸಿಗೆ ಹೋಗುತ್ತೇನೆ.

ಆ ಅಕ್ಟೋಬರಿನಿಂದ ಇಲ್ಲಿಯವರೆಗೆ, ವರ್ಷಕ್ಕೆರಡು ಸಲದಂತೆ, ಅರವತ್ತೆರಡು ಸಲ ಬಿಷಪ್ ಎದುರು ನಿಂತು ಸಮಾಧಾನದಿಂದಿದ್ದೇನೆ ಎಂದಿದ್ದೇನೆ. ಬರುವ ಭಾನುವಾರ ಅರವತ್ತಮೂರನೆಯದು. ಈ ಸಲ ಏನು ಹೇಳುತ್ತೇನೋ ಗೊತ್ತಿಲ್ಲ, ಅದು ಆಮ್ಸಿಯ ಕೈಯಲ್ಲಿದೆ. ಭೋಜನಕ್ಕೆ ಬರಬೇಡ ಎಂದರೆ ಮನೆಯಲ್ಲಿರುತ್ತೇನೆ, ಊರಿಗೆ ಗೊತ್ತಾದರೆ ಗೊತ್ತಾಗಲಿ. ಬಾ ಎಂದರೆ ಬರುತ್ತೇನೆ. ಬಂದು ಎಣಿಸುವುದಿಲ್ಲ, ಜಾಗ ಬದಲಾಯಿಸುವುದಿಲ್ಲ, ಯಾರು ಸಿಗುತ್ತಾರೋ ಅವರ ಎದುರು ಕೂರುತ್ತೇನೆ.

ಭಾಷಣ ಮಾಡಲು ಕರೆದ ವರ್ತಕರ ಸಂಘಕ್ಕೆ, ಊಟ ಬಡಿಸಿದ ತಾಯಂದಿರಿಗೆ, ಇಷ್ಟು ಹೊತ್ತು ಕೂತು ಕೇಳಿದ ನಿಮಗೆ ನನ್ನ ಕೃತಜ್ಞತೆಗಳು. ಎಲ್ವಿನ್, ನಿನ್ನನ್ನು ಹೊಗಳಲಿಲ್ಲ. ನಡೆದದ್ದು ಹೇಳಿದೆ. ಅಲ್ಮೀಡಾ, ಭೋಜನದ ಹಿಂದಿನ ಶನಿವಾರ ಬಿಸಿನೀರು ಕಾಯಿಸಬೇಡ. ಈ ಸಲ ನಾನು ಕಾಲು ತೊಳೆದುಕೊಂಡು ಬರುವುದಿಲ್ಲ.

ನಮಸ್ಕಾರ.